ಶಸ್ತ್ರಕ್ರಿಯೆಯಲ್ಲಿ ಏಷಣಿ: ಲೋಹಶಲಾಕೆಯಿಂದ ಪ್ರತಿಧ್ವನಿಯವರೆಗೆ

೧

ಶಸ್ತ್ರವೈದ್ಯನು ದೇಹವನ್ನು ತೆರೆದ ಮಾತ್ರಕ್ಕೆ ಒಳಗಿರುವುದೆಲ್ಲವೂ ಆತನ ಕಣ್ಣಿಗೆ ಗೋಚರವಾಗುವುದೆಂಬ ಭಾವನೆ ಲೋಕದಲ್ಲಿ ರೂಢವಾಗಿದೆ. ವಿಚಾರಿಸಿ ನೋಡಿದರೆ ಇದು ಯಥಾರ್ಥವಲ್ಲ. ಉದರವನ್ನು ತೆರೆದಾಗ ಕಾಣುವುದು ಯಕೃತ್ತಿನ ಹೊರಮೈ ಮಾತ್ರ. ತಲೆಯೋಡನ್ನು ತೆರೆದಾಗ ಕಾಣುವುದು ಮಿದುಳಿನ ಮೇಲ್ಭಾಗ ಮಾತ್ರ. ಇವುಗಳ ಗರ್ಭದಲ್ಲಿ ಅಡಗಿರುವ ಗಡ್ಡೆಯೂ ಕಲ್ಲೂ ರಕ್ತನಾಳವೂ ಮೊದಲಿನಂತೆಯೇ ಮರೆಯಲ್ಲಿರುತ್ತವೆ. ಎಲ್ಲಿ ಕೊಯ್ಯಬೇಕು, ಎಷ್ಟು ಕೊಯ್ಯಬೇಕು, ಯಾವುದನ್ನು ಉಳಿಸಬೇಕು ಎಂಬ ಪ್ರಶ್ನೆಗಳು ತೀವ್ರವಾಗುವುದು ದೇಹವನ್ನು ತೆರೆದ ಮೇಲೆಯೇ. ಆ ಸಮಯದಲ್ಲಿ ಮರೆಯಾದುದನ್ನು ಹುಡುಕಿಕೊಡತಕ್ಕ ಉಪಕರಣವನ್ನು ನಮ್ಮ ಪ್ರಾಚೀನ ಶಲ್ಯತಂತ್ರಕಾರರು ‘ಏಷಣಿ’ ಎಂದು ಕರೆದರು. ‘ಅನ್ವೇಷಣ’ ಶಬ್ದದಲ್ಲಿರುವ ‘ಏಷಣ’ವೇ ಇಲ್ಲಿಯೂ ಇದೆ, ಹುಡುಕುವ ಸಾಧನವೆಂದು ಅರ್ಥ.

ಈಗಿನ ಕಾಲದಲ್ಲಿ ಈ ಕಾರ್ಯಕ್ಕೆ ವಿಶೇಷವಾಗಿ ಒದಗುತ್ತಿರುವುದು ಶ್ರವಣಾತೀತ ಧ್ವನಿ, ಎಂದರೆ ಜನರು ಅಲ್ಟ್ರಾಸೌಂಡ್ ಎಂದು ಹೇಳುವ ಧ್ವನಿ. ಅದನ್ನು ಹೊರಡಿಸಿ ಪ್ರತಿಧ್ವನಿಯನ್ನು ಗ್ರಹಿಸುವ ಸಣ್ಣ ಶಲಾಕೆಯೊಂದನ್ನು ತೆರೆದ ಅಂಗದ ಮೇಲೆ ನೇರವಾಗಿ ಇರಿಸುತ್ತಾರೆ. ಒಳಗಿನ ರಚನೆ ಪಕ್ಕದ ತೆರೆಯ ಮೇಲೆ ಚಿತ್ರವಾಗಿ ಮೂಡುತ್ತದೆ. ಈ ಸಾಧನದ ಚರಿತ್ರೆಯಲ್ಲಿ ವಿಚಾರಾರ್ಹವಾದ ಸಂಗತಿಯೊಂದುಂಟು. ಶಸ್ತ್ರಕ್ರಿಯೆಯ ನಡುವೆ ಧ್ವನಿಯಿಂದ ಕಲ್ಲನ್ನು ಹುಡುಕಿದ ವರದಿ ೧೯೬೧ನೆಯ ಇಸವಿಯಲ್ಲಿಯೇ ಪ್ರಕಟವಾಯಿತು. ಆದರೂ ೧೯೮೦ರ ಸುಮಾರಿನವರೆಗೆ ಶಸ್ತ್ರವೈದ್ಯರು ಇದನ್ನು ಮನಸಾರೆ ಸ್ವೀಕರಿಸಲಿಲ್ಲ. ಈ ಇಪ್ಪತ್ತು ವರ್ಷಗಳ ವಿಳಂಬಕ್ಕೆ ಕಾರಣವೇನು? ಯಂತ್ರವು ಅಪಕ್ವವಾಗಿತ್ತೆಂಬುದು ಸಾಮಾನ್ಯವಾದ ಸಮಾಧಾನ. ಅದು ಅಸತ್ಯವಲ್ಲವಾದರೂ ಅಪೂರ್ಣವೆಂದು ತೋರುತ್ತದೆ. ಇದು ಪ್ರಮಾಣಶಾಸ್ತ್ರದ ಪ್ರಶ್ನೆಯೂ ಹೌದೆಂಬುದನ್ನು ಈ ಲೇಖನದಲ್ಲಿ ನಿರೂಪಿಸಲು ಯತ್ನಿಸಲಾಗಿದೆ.

೨

ಮೊದಲು ಸುಶ್ರುತಸಂಹಿತೆಯ ವಿಷಯ. ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ೧೦೧ ಯಂತ್ರಗಳನ್ನೂ ಎಂಟನೆಯ ಅಧ್ಯಾಯದಲ್ಲಿ ೨೦ ಶಸ್ತ್ರಗಳನ್ನೂ ಹೇಳಿದೆ. ಏಷಣಿಯ ಪ್ರಸ್ತಾವ ಎರಡು ಕಡೆಯೂ ಬರುತ್ತದೆ: ಶಲಾಕಾಯಂತ್ರಗಳಲ್ಲಿ ಎರೆಹುಳುವಿನ ಮುಖದಂತೆ ಮೊಂಡಾದ ತುದಿಯುಳ್ಳದ್ದು ಏಷಣಕ್ಕಾಗಿ, ಶಸ್ತ್ರಗಳ ಪಟ್ಟಿಯಲ್ಲಿ ‘ಏಷಣಿ’ ಎಂಬ ಹೆಸರಿನಿಂದಲೇ ಒಂದು. ಛೇದ್ಯ, ಭೇದ್ಯ, ಲೇಖ್ಯ, ವೇಧ್ಯ, ಏಷ್ಯ, ಆಹಾರ್ಯ, ವಿಸ್ರಾವ್ಯ, ಸೀವ್ಯ ಎಂಬ ಅಷ್ಟವಿಧ ಶಸ್ತ್ರಕರ್ಮಗಳಲ್ಲಿ ಏಷ್ಯವೂ ಒಂದು. ಹುಡುಕುವುದನ್ನು ಕೊಯ್ಯುವುದರ ಪೂರ್ವಾಂಗವನ್ನಾಗಿ ಮಾತ್ರ ಎಣಿಸದೆ ಸ್ವತಂತ್ರ ಕರ್ಮವಾಗಿ ಎಣಿಸಿರುವುದು ಗಮನಿಸತಕ್ಕದ್ದು. ಶಿಷ್ಯನು ಅದನ್ನು ಹುಳು ತಿಂದ ಮರ, ಬಿದಿರು, ಒಣಗಿದ ಸೋರೆಯ ಬಾಯಿ ಮೊದಲಾದವುಗಳಲ್ಲಿ ಶಲಾಕೆಯನ್ನಾಡಿಸಿ ಅಭ್ಯಾಸಮಾಡಬೇಕೆಂದು ಒಂಬತ್ತನೆಯ ಅಧ್ಯಾಯದ ವಿಧಿ.

ಇದಕ್ಕಿಂತಲೂ ಪ್ರಕೃತಕ್ಕೆ ಉಪಯುಕ್ತವಾದುದು ಇಪ್ಪತ್ತಾರನೆಯ ಅಧ್ಯಾಯ. ದೇಹದೊಳಗೆ ಹೊಕ್ಕು ಕಾಣದಂತಾದ ಶಲ್ಯಕ್ಕೆ ಅಲ್ಲಿ ‘ಪ್ರನಷ್ಟಶಲ್ಯ’ವೆಂದು ಹೆಸರು. ಚರ್ಮದಲ್ಲಿ ಅಡಗಿದ ಶಲ್ಯವನ್ನು ತಿಳಿಯಲು ಆ ಭಾಗಕ್ಕೆ ಗಟ್ಟಿಯಾದ ತುಪ್ಪವನ್ನೋ ಚಂದನದ ಗಂಧವನ್ನೋ ಲೇಪಿಸಬೇಕು. ಎಲ್ಲಿ ತುಪ್ಪವು ಬೇಗನೆ ಕರಗುವುದೋ, ಎಲ್ಲಿ ಗಂಧವು ಬೇಗನೆ ಒಣಗುವುದೋ ಅಲ್ಲಿ ಶಲ್ಯವಿದೆಯೆಂದು ನಿಶ್ಚಯಿಸಬೇಕು. ಸಿರೆ, ಸ್ನಾಯು ಮೊದಲಾದೆಡೆಗಳಲ್ಲಿ ಅಡಗಿದ್ದರೆ ರೋಗಿಯನ್ನು ಮುರಿದ ಚಕ್ರದ ಬಂಡಿಯಲ್ಲಿ ಕುಳ್ಳಿರಿಸಿ ಹಳ್ಳತಿಟ್ಟಿನ ದಾರಿಯಲ್ಲಿ ವೇಗವಾಗಿ ಓಡಿಸಬೇಕು. ಎಲ್ಲಿ ನೋವೇಳುವುದೋ ಅಲ್ಲಿ ಶಲ್ಯ.

ಈ ವಿಧಿಗಳನ್ನು ಕಂಡು ನಗುವವರುಂಟು. ಆದರೆ ಇವುಗಳ ಅಂತರಾರ್ಥವು ಹಾಸ್ಯಾಸ್ಪದವಲ್ಲ. ತುಪ್ಪದ ಕರಗುವಿಕೆ ಒಂದು ಲಿಂಗ. ಅದರಿಂದ ಒಳಗಿನ ಉಷ್ಣ, ಉಷ್ಣದಿಂದ ಶಲ್ಯ, ಹೀಗೆ ಅನುಮಾನದ ಸರಣಿ. ದೇಹದ ಒಳಗಿನಿಂದ ಒಂದು ಪ್ರತಿಕ್ರಿಯೆಯನ್ನು ಎಬ್ಬಿಸಿ, ಅದು ಎಲ್ಲಿಂದ ಬಂದಿತೆಂಬುದರಿಂದ ಅಡಗಿದ ವಸ್ತುವಿನ ಸ್ಥಾನವನ್ನು ಗೊತ್ತುಮಾಡುವುದು ಇವೆಲ್ಲದರ ತತ್ತ್ವ. ಪ್ರತಿಧ್ವನಿಯಂತ್ರದ ತತ್ತ್ವವೂ ಇದೇ. ಇದರಿಂದ ಪ್ರಾಚೀನರಿಗೆ ಆಧುನಿಕ ಯಂತ್ರವು ತಿಳಿದಿತ್ತೆಂದು ಹೇಳುವುದು ಶುದ್ಧ ಅವಿವೇಕ. ಹುಡುಕುವ ಬುದ್ಧಿಯ ಮಾರ್ಗವು ಒಂದೆಂಬಷ್ಟೇ ಇಲ್ಲಿಯ ವಿವಕ್ಷೆ. ಯಂತ್ರಗಳಲ್ಲೆಲ್ಲ ಹಸ್ತವೇ ಪ್ರಧಾನವೆಂದು ಸುಶ್ರುತನು ಹೇಳಿರುವುದನ್ನೂ ನೆನಪಿನಲ್ಲಿಡಬೇಕು. ಮುಂದೆ ಈ ಮಾತಿಗೆ ಪ್ರಯೋಜನವಿದೆ.

೩

ಯೂರೋಪು ಖಂಡದ ಶಸ್ತ್ರವೈದ್ಯರಿಗೂ ಈ ಪ್ರನಷ್ಟಶಲ್ಯವೇ ಬಹುಕಾಲ ತಲೆನೋವಾಗಿತ್ತು. ಬಂದೂಕುಗಳು ಬಂದಮೇಲೆ ಅದು ಸೀಸದ ಗುಂಡಿನ ರೂಪವನ್ನು ತಾಳಿತು. ೧೮೬೨ರ ಆಗಸ್ಟ್ ೨೯ರಂದು ಇಟಲಿಯ ಗ್ಯಾರಿಬಾಲ್ಡಿಗೆ ಆಸ್ಪ್ರೊಮಾಂಟೆಯಲ್ಲಿ ಕಾಲಿನ ಹರಡಿಗೆ ಗುಂಡು ತಗಲಿತು. ಗುಂಡು ಒಳಗೆ ಉಳಿದಿದೆಯೇ ಇಲ್ಲವೇ ಎಂದು ವೈದ್ಯರಲ್ಲಿ ವಾರಗಟ್ಟಲೆ ವಿವಾದವಾಯಿತು. ಲೋಹದ ಶಲಾಕೆಗೆ ಒಳಗೆ ಗಡುಸಾದುದೇನೋ ತಗಲುತ್ತಿತ್ತು. ಆದರೆ ಅದು ಮೂಳೆಯೋ ಸೀಸವೋ ತಿಳಿಯುವಂತಿರಲಿಲ್ಲ. ಫ್ರಾನ್ಸಿನ ನೆಲಾಟಾನ್ ಎಂಬ ಶಸ್ತ್ರವೈದ್ಯನ ಸೂಚನೆಯಂತೆ ಶಲಾಕೆಯ ತುದಿಗೆ ಮೆರುಗಿಲ್ಲದ ಬಿಳಿಯ ಪಿಂಗಾಣಿಯ ಗುಂಡೊಂದನ್ನು ಕೂಡಿಸಿ ಗಾಯದಲ್ಲಿ ಆಡಿಸಿದರು. ಹೊರತೆಗೆದು ನೋಡಿದಾಗ ಪಿಂಗಾಣಿಯ ಮೇಲೆ ಸೀಸದ ಗುರುತು ಬಿದ್ದಿತ್ತು. ಸಂದೇಹವು ನಿವಾರಣೆಯಾಗಿ ನವೆಂಬರಿನಲ್ಲಿ ಗುಂಡನ್ನು ತೆಗೆದರು. ಇಲ್ಲಿ ಹೊಸದೇನೆಂದರೆ ಲಿಂಗದ ಶುದ್ಧಿ: ಮೂಳೆಗೆ ಬಾರದ, ಸೀಸಕ್ಕೆ ಮಾತ್ರ ಬರುವ ಗುರುತು.

ಇದಕ್ಕೆ ಪ್ರತಿಯಾದ ಉದಾಹರಣೆ ೧೮೮೧ರಲ್ಲಿ ದೊರೆಯುತ್ತದೆ. ಆ ವರ್ಷ ಜುಲೈ ೨ರಂದು ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನಿಗೆ ಗುಂಡೇಟು ಬಿದ್ದಿತು. ದೂರವಾಣಿಯನ್ನು ನಿರ್ಮಿಸಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ಲೋಹವು ಸಮೀಪಿಸಿದರೆ ಧ್ವನಿಗೊಡುವ ವಿದ್ಯುದ್ಯಂತ್ರವನ್ನು ತಂದು ಎರಡು ಸಲ ಹುಡುಕಿದನು, ಗುಂಡು ಸಿಕ್ಕಲಿಲ್ಲ. ಹಾಸಿಗೆಯ ಉಕ್ಕಿನ ಸುರುಳಿಗಳು ಯಂತ್ರದ ಧ್ವನಿಯನ್ನು ಕೆಡಿಸಿದುವು. ಅದಲ್ಲದೆ ಗುಂಡು ಬಲಗಡೆಯಲ್ಲಿದೆಯೆಂದು ಮುಖ್ಯವೈದ್ಯನು ಮೊದಲೇ ನಿರ್ಧರಿಸಿದ್ದುದರಿಂದ ಆ ಕಡೆಯಲ್ಲಿ ಮಾತ್ರ ಹುಡುಕಲು ಅವಕಾಶವಾಯಿತು. ಸೆಪ್ಟೆಂಬರ್ ೧೯ರಂದು ಅಧ್ಯಕ್ಷನು ಮೃತನಾದನು. ಗುಂಡು ಬೆನ್ನೆಲುಬಿನ ಎಡಗಡೆ ಇದ್ದುದು ಶವಪರೀಕ್ಷೆಯಲ್ಲಿ ತಿಳಿಯಿತು. ತೊಳೆಯದ ಬೆರಳುಗಳನ್ನೂ ಶಲಾಕೆಗಳನ್ನೂ ಗಾಯದಲ್ಲಿ ಮತ್ತೆ ಮತ್ತೆ ಆಡಿಸಿದ್ದರಿಂದ ಉಂಟಾದ ನಂಜೇ ಮರಣಕ್ಕೆ ಮುಖ್ಯ ಕಾರಣವೆಂದು ಅನಂತರದವರ ಅಭಿಪ್ರಾಯ. ಏಷಣಿಯು ಅಶುದ್ಧವಾದರೆ ಪ್ರಾಣಹಾನಿ, ಲಿಂಗವು ಅಶುದ್ಧವಾದರೆ ಜ್ಞಾನಹಾನಿ. ಇಲ್ಲಿ ಎರಡೂ ಒಟ್ಟಾಗಿ ಒದಗಿದುವು.

೧೮೯೫ರ ನವೆಂಬರಿನಲ್ಲಿ ರಾಂಟ್‌ಗೆನ್ನನು ಎಕ್ಸ್-ಕಿರಣಗಳನ್ನು ಕಂಡುಹಿಡಿದ ಮೇಲೆ ಲೋಹವನ್ನೂ ಮೂಳೆಯನ್ನೂ ಕಾಣುವುದು ಸುಲಭವಾಯಿತು. ಅರ್ಜೆಂಟೀನಾದ ಮಿರಿಜ್ಜಿ ಎಂಬಾತನು ೧೯೩೧ರಲ್ಲಿ ಶಸ್ತ್ರಕ್ರಿಯೆಯ ನಡುವೆಯೇ ಪಿತ್ತನಾಳಕ್ಕೆ ಕಿರಣರೋಧಕ ದ್ರವವನ್ನು ತುಂಬಿ, ಎಕ್ಸ್-ಕಿರಣಗಳಿಂದ ಛಾಯೆಯನ್ನು ತೆಗೆದು ಅಡಗಿದ ಕಲ್ಲನ್ನು ತೋರಿಸಿದನು. ಆದರೆ ಮಾಂಸದೊಳಗಿನ ಮಾಂಸವನ್ನು, ಯಕೃತ್ತಿನಲ್ಲಿರುವ ಗಡ್ಡೆಯನ್ನು, ಆ ಛಾಯೆಯು ಬೇರ್ಪಡಿಸಿ ತೋರಿಸಲಾರದು. ಅಲ್ಲಿ ವೈದ್ಯನಿಗೆ ಬೆರಳೇ ಗತಿಯಾಗಿ ಉಳಿಯಿತು.

೪

ಇನ್ನು ಧ್ವನಿಯ ವಿಚಾರ. ಪೀಪಾಯಿಯನ್ನು ತಟ್ಟಿ ದ್ರವವು ಎಲ್ಲಿಯವರೆಗಿದೆಯೆಂದು ತಿಳಿಯುವಂತೆ ಎದೆಯನ್ನು ತಟ್ಟಿ ಒಳಗಿನ ವಿಕಾರವನ್ನು ತಿಳಿಯಬಹುದೆಂದು ವಿಯೆನ್ನಾದ ಔಎನ್‌ಬ್ರುಗರ್ ೧೭೬೧ರಲ್ಲಿಯೇ ಗ್ರಂಥವನ್ನು ಬರೆದಿದ್ದನು. ೧೮೮೦ರಲ್ಲಿ ಕ್ಯೂರಿ ಸಹೋದರರು ಕೆಲವು ಸ್ಫಟಿಕಗಳನ್ನು ಅದುಮಿದರೆ ವಿದ್ಯುತ್ತು ಹುಟ್ಟುವುದನ್ನು ಕಂಡರು; ವಿದ್ಯುತ್ತನ್ನು ಕೊಟ್ಟರೆ ಅವು ಕಂಪಿಸುವುವೆಂಬುದೂ ಬೇಗನೆ ಸಿದ್ಧವಾಯಿತು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಲಾಂಜೆವಾನ್ ಇದನ್ನು ಸಮುದ್ರದಲ್ಲಿ ಅಡಗಿದ ಜಲಾಂತರ್ಗಾಮಿ ನೌಕೆಗಳನ್ನು ಹುಡುಕಲು ಪ್ರಯೋಗಿಸಿದನು. ಸಮುದ್ರದಿಂದ ಈ ವಿದ್ಯೆ ದೇಹಕ್ಕೆ ಬಂದಿತು.

ದೇಹದಲ್ಲಿ ಅದರ ಮೊದಲ ಹೆಜ್ಜೆಯೇ ಎಡವಿತು. ಆಸ್ಟ್ರಿಯಾದ ಡುಸ್ಸಿಕ್ ೧೯೪೨ರಲ್ಲಿ ತಲೆಯ ಮೂಲಕ ಧ್ವನಿಯನ್ನು ಹಾಯಿಸಿ ಮಿದುಳಿನ ಕುಹರಗಳ ಚಿತ್ರವೆಂದು ಕೆಲವನ್ನು ಪ್ರಕಟಿಸಿದನು. ೧೯೫೦ರ ದಶಕದಲ್ಲಿ ಪರೀಕ್ಷಿಸಿದವರಿಗೆ ಮಿದುಳಿಲ್ಲದ ಬರಿಯ ತಲೆಯೋಡೂ ಅಂತಹದೇ ಚಿತ್ರವನ್ನು ಕೊಡುವುದೆಂದು ತಿಳಿದುಬಂದಿತು. ಮೂಳೆಯ ದಪ್ಪವೇ ಅಲ್ಲಿ ಕುಹರದಂತೆ ತೋರಿತ್ತು. ಚಿತ್ರವಿದ್ದ ಮಾತ್ರಕ್ಕೆ ಜ್ಞಾನವಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಆಂಗ್ಲೇಯ ಶಸ್ತ್ರವೈದ್ಯನಾದ ಜಾನ್ ವೈಲ್ಡ್ ಅಮೆರಿಕಕ್ಕೆ ಹೋಗಿ ನೆಲಸಿ, ೧೯೫೦ರಲ್ಲಿ ಕರುಳಿನ ಗೋಡೆಯ ದಪ್ಪವನ್ನು ಪ್ರತಿಧ್ವನಿಯಿಂದ ಅಳೆದ ಕೆಲಸವನ್ನು ಪ್ರಕಟಿಸಿದನು. ಗಡ್ಡೆಯ ಮಾಂಸವು ಸ್ವಸ್ಥಮಾಂಸಕ್ಕಿಂತ ಬೇರೆಯಾದ ಪ್ರತಿಧ್ವನಿಯನ್ನು ಕೊಡುವುದೆಂದೂ ತೋರಿಸಿದನು. ಗ್ಲಾಸ್ಗೊ ನಗರದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ೧೯೫೮ರಲ್ಲಿ ಉದರದ ಗಡ್ಡೆಗಳನ್ನು ಹೊರಗಿನಿಂದಲೇ ಪರೀಕ್ಷಿಸಿದ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು.

ಇಷ್ಟಾದ ಮೇಲೆ ಶಸ್ತ್ರಕ್ರಿಯೆಯ ಮಂಚದ ಬಳಿಗೆ ಯಂತ್ರವು ಬಂದಿತು. ೧೯೬೧ರಲ್ಲಿ ಅಮೆರಿಕದ ಷ್ಲೇಗೆಲ್ ಮತ್ತು ಸಂಗಡಿಗರು ಮೂತ್ರಪಿಂಡದ ಕಲ್ಲುಗಳನ್ನು, ೧೯೬೩ರಲ್ಲಿ ನೈಟ್ ಮತ್ತು ನ್ಯೂವೆಲ್ ಪಿತ್ತಾಶ್ಮರಿಗಳನ್ನು ಹೀಗೆ ಹುಡುಕಿದ ವಿಷಯವನ್ನು ಪ್ರಕಟಿಸಿದರು. ೧೯೬೫ರಲ್ಲಿ ಐಸ್‌ಮನ್ ಮೊದಲಾದವರೂ ಪಿತ್ತನಾಳದ ಕಲ್ಲುಗಳ ವಿಷಯದಲ್ಲಿ ಬರೆದರು. ಆದರೆ ಇವರ ತೆರೆಯ ಮೇಲೆ ಕಾಣುತ್ತಿದ್ದುದು ಚಿತ್ರವಲ್ಲ. ಒಂದು ಅಡ್ಡಗೆರೆ, ಅದರಲ್ಲಿ ಅಲ್ಲಲ್ಲಿ ಎದ್ದುನಿಂತ ಮೊನೆಗಳು. ಪ್ರತಿಧ್ವನಿಯು ಎಷ್ಟು ದೂರದಿಂದ, ಎಷ್ಟು ಬಲವಾಗಿ ಬಂದಿತೆಂಬುದನ್ನು ಮಾತ್ರ ಆ ಮೊನೆಯು ಹೇಳುತ್ತಿತ್ತು.

೫

ಈಗ ಮೊದಲೆತ್ತಿದ ಪ್ರಶ್ನೆಗೆ ಬರೋಣ. ಮೊನೆಯಿಂದ ಕಲ್ಲನ್ನು ಊಹಿಸುವುದು ಅನುಮಾನ. ಅನುಮಾನಕ್ಕೆ ಪ್ರಾಣವು ವ್ಯಾಪ್ತಿ: ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುವಂತೆ, ಮೊನೆಯೆದ್ದಲ್ಲೆಲ್ಲ ಕಲ್ಲಿರಬೇಕು. ಆದರೆ ಕಲ್ಲಿನಿಂದ ಏಳುವಂತಹ ಮೊನೆಯು ಗಾಳಿಯ ಗುಳ್ಳೆಯಿಂದಲೂ ಏಳುತ್ತಿತ್ತು, ನಾಳದ ಗೋಡೆಯಿಂದಲೂ ಏಳುತ್ತಿತ್ತು. ಸಾಧ್ಯವಿರುವಲ್ಲಿಯೂ ಇಲ್ಲದಲ್ಲಿಯೂ ಸಮಾನವಾಗಿ ಕಾಣಿಸಿಕೊಳ್ಳುವ ಇಂತಹ ಹೇತುವಿಗೆ ನೈಯಾಯಿಕರು ‘ಸವ್ಯಭಿಚಾರ’ವೆಂದು ಹೆಸರಿಟ್ಟು ಹೇತ್ವಾಭಾಸಗಳಲ್ಲಿ ಎಣಿಸಿದ್ದಾರೆ. ಕಲ್ಲಿನ ವಿಷಯದಲ್ಲಿ ಮಿರಿಜ್ಜಿಯ ಎಕ್ಸ್-ಕಿರಣದ ಪದ್ಧತಿ ಆಗಲೇ ರೂಢಿಯಲ್ಲಿದ್ದುದರಿಂದ, ಸಂದಿಗ್ಧವಾದ ಮೊನೆಯನ್ನು ನಂಬಿ ಕತ್ತಿಯನ್ನು ಇಳಿಸಲು ವೈದ್ಯರಿಗೆ ನಿರ್ಬಂಧವೂ ಇರಲಿಲ್ಲ. ಅವರ ಹಿಂಜರಿಕೆಯನ್ನು ಜಾಡ್ಯವೆನ್ನಲಾಗದು. ಅದು ವಿವೇಕವೇ ಸರಿ.

ಹಾಗಾದರೆ ಮೊನೆಯು ಚಿತ್ರವಾದೊಡನೆ ದೋಷವು ಪರಿಹಾರವಾಯಿತೇ ಎಂಬುದು ಪೂರ್ವಪಕ್ಷ. ಚಿತ್ರವು ಬಂದುದು ಮಹೋಪಕಾರವೆಂಬುದರಲ್ಲಿ ಸಂದೇಹವಿಲ್ಲ. ಅನೇಕ ಸಣ್ಣ ಸ್ಫಟಿಕಖಂಡಗಳನ್ನು ಸಾಲಾಗಿ ಜೋಡಿಸಿ ಒಂದಾದ ಮೇಲೊಂದರಂತೆ ಚಾಲಿಸಿ, ಚಲಿಸುತ್ತಿರುವ ಹೃದಯವನ್ನು ಆಗಿಂದಾಗಲೇ ತೋರಿಸುವ ಯಂತ್ರವನ್ನು ರಾಟರ್‌ಡ್ಯಾಮ್ ನಗರದ ಬಾಮ್ ೧೯೭೧ರ ವೇಳೆಗೆ ನಿರ್ಮಿಸಿದನು. ಇಂತಹ ಸಜೀವಚಿತ್ರವನ್ನು ಕೊಡುವ ಶಲಾಕೆಯಿಂದ ಮೂತ್ರಪಿಂಡದ ಕಲ್ಲನ್ನು ಹುಡುಕಿದ ವಿಷಯವನ್ನು ಕುಕ್ ಮತ್ತು ಲಿಟ್ಟನ್ ೧೯೭೭ರಲ್ಲಿ ಪ್ರಕಟಿಸಿದರು. ಆದರೆ ಡುಸ್ಸಿಕ್ಕನ ಬಳಿಯೂ ಚಿತ್ರವಿದ್ದಿತು; ಅದು ಭ್ರಮೆಯಾಯಿತು. ಆದುದರಿಂದ ಚಿತ್ರತ್ವವೊಂದೇ ಪ್ರಾಮಾಣ್ಯಕ್ಕೆ ಕಾರಣವಲ್ಲ. ಜ್ಞಾನದ ಪ್ರಾಮಾಣ್ಯವು ಪ್ರವೃತ್ತಿಯ ಸಾಫಲ್ಯದಿಂದ ತಿಳಿಯುವುದೆಂದು ನ್ಯಾಯಶಾಸ್ತ್ರ. ದೂರದಲ್ಲಿ ನೀರು ಕಂಡಿತು; ಹೋಗಿ ಮೊಗೆದಾಗ ಕೈಗೆ ಸಿಕ್ಕಿದರೆ ಆ ಜ್ಞಾನವು ಪ್ರಮೆ, ಸಿಕ್ಕದಿದ್ದರೆ ಬಿಸಿಲ್ಗುದುರೆ. ಶಸ್ತ್ರಕ್ರಿಯೆಯಲ್ಲಿ ಈ ‘ಮೊಗೆದು ನೋಡುವುದು’ ಸಾಧ್ಯವಾದ ಬಗೆಯನ್ನು ತೋರಿಸಿಕೊಟ್ಟವನು ಜಪಾನಿನ ಮಸತೋಶಿ ಮಕುಉಚಿ.

೬

ಜಪಾನಿನಲ್ಲಿ ಆಗ ಯಕೃತ್ತಿನ ಅರ್ಬುದವುಳ್ಳ ರೋಗಿಗಳಲ್ಲಿ ಬಹುಮಂದಿಗೆ ದೀರ್ಘಕಾಲದ ಯಕೃದ್ರೋಗದಿಂದ ಯಕೃತ್ತು ಮೊದಲೇ ಗಂಟುಗಂಟಾಗಿ ಗಡುಸಾಗಿರುತ್ತಿತ್ತು. ಇದರಿಂದ ಎರಡು ಸಂಕಟಗಳು. ಎಲ್ಲವೂ ಗಂಟಾಗಿರುವಲ್ಲಿ ಅರ್ಬುದದ ಗಂಟು ಯಾವುದೆಂದು ಬೆರಳಿಗೆ ತಿಳಿಯದು. ಧಾರಾಳವಾಗಿ ಕೊಯ್ದು ತೆಗೆಯೋಣವೆಂದರೆ ಉಳಿದ ದುರ್ಬಲಭಾಗವು ದೇಹವನ್ನು ನಿರ್ವಹಿಸಲಾರದೆ ರೋಗಿಯು ಸಾಯುತ್ತಾನೆ. ಕಡಮೆ ಕೊಯ್ದರೆ ರೋಗವು ಉಳಿಯುತ್ತದೆ. ಹೆಚ್ಚು ಕೊಯ್ದರೆ ರೋಗಿಯು ಉಳಿಯುವುದಿಲ್ಲ. ಫ್ರಾನ್ಸಿನ ಕುಇನೊ ೧೯೫೭ರಲ್ಲಿ ಯಕೃತ್ತನ್ನು ರಕ್ತನಾಳಗಳ ಕವಲುಗಳಿಗೆ ಅನುಸಾರವಾಗಿ ಎಂಟು ಖಂಡಗಳಾಗಿ ವಿಂಗಡಿಸಿದ್ದನು. ಆದರೆ ಆ ಖಂಡಗಳ ಎಲ್ಲೆಗಳು ಹೊರಮೈಯಲ್ಲಿ ಬರೆದಿರುವುದಿಲ್ಲ. ಗ್ರಂಥದಲ್ಲಿದ್ದ ಭೂಪಟವು ನೆಲದ ಮೇಲೆ ಕಾಣುತ್ತಿರಲಿಲ್ಲ.

ಟೋಕಿಯೊ ನಗರದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದಲ್ಲಿ ಮಕುಉಚಿ ಮತ್ತು ಸಂಗಡಿಗರು ಶಲಾಕೆಯನ್ನು ಯಕೃತ್ತಿನ ಮೇಲೆ ನೇರವಾಗಿ ಇರಿಸಿ ಒಳಗಿನ ಸಿರೆಗಳನ್ನೂ ಗಡ್ಡೆಯನ್ನೂ ನೋಡುತ್ತ ಶಸ್ತ್ರಕ್ರಿಯೆ ಮಾಡಿದ ಕ್ರಮವನ್ನು ೧೯೮೧ರಲ್ಲಿ ಪ್ರಕಟಿಸಿದರು. ೧೯೮೫ರಲ್ಲಿ ಪ್ರಕಟವಾದ ಅವರ ವಿಧಾನವು ಇನ್ನೂ ವಿಶಿಷ್ಟವಾದುದು. ಗಡ್ಡೆಯಿರುವ ಭಾಗಕ್ಕೆ ರಕ್ತವನ್ನು ತರುವ ಸಿರೆಯ ಕವಲನ್ನು ಮೊದಲು ತೆರೆಯಲ್ಲಿ ಗುರುತಿಸಬೇಕು. ಆಮೇಲೆ ಸೂಜಿಯನ್ನು ಚುಚ್ಚಿ, ಅದರ ಮೊನೆಯು ಆ ಕವಲನ್ನು ಸೇರುವುದನ್ನು ತೆರೆಯಲ್ಲಿಯೇ ನೋಡಬೇಕು. ಸೇರಿದೊಡನೆ ನೀಲಿಯ ಬಣ್ಣವನ್ನು ಒಳಕ್ಕೆ ಬಿಡಬೇಕು. ಆಗ ಆ ಕವಲಿನಿಂದ ಪೋಷಿತವಾದ ಭಾಗವಷ್ಟೇ ಯಕೃತ್ತಿನ ಹೊರಮೈಯಲ್ಲಿ ನೀಲಿಯಾಗುತ್ತದೆ. ಆ ಎಲ್ಲೆಯನ್ನು ಗುರುತುಮಾಡಿಕೊಂಡು ಅಷ್ಟನ್ನು ಮಾತ್ರ ತೆಗೆದು ಉಳಿದುದನ್ನು ರಕ್ಷಿಸಬೇಕು.

ಈ ನೀಲಿಯೇ ನಮ್ಮ ವಿಚಾರದ ಕೇಂದ್ರ. ತೆರೆಯ ಮೇಲೆ ಕಂಡುದು ಸಿರೆಯೋ ಭ್ರಮೆಯೋ ಎಂಬ ಸಂದೇಹಕ್ಕೆ ಇಲ್ಲಿ ಅವಕಾಶವಿಲ್ಲ. ಕಂಡುದನ್ನು ನಂಬಿ ಕೈ ಪ್ರವರ್ತಿಸಿತು. ಪ್ರವೃತ್ತಿಯು ಸಫಲವಾದುದನ್ನು ಬರಿಗಣ್ಣು ನೋಡಿತು. ಧ್ವನಿಯ ಅನುಮಾನಕ್ಕೆ ಕಣ್ಣಿನ ಪ್ರತ್ಯಕ್ಷವು ಅದೇ ಸ್ಥಳದಲ್ಲಿ, ಅದೇ ಗಳಿಗೆಯಲ್ಲಿ ಸಾಕ್ಷಿಯಾಯಿತು. ಇಪ್ಪತ್ತು ವರ್ಷಗಳ ಕಾಲ ಧ್ವನಿಯು ಹೇಳಿದುದನ್ನು ವೈದ್ಯನು ಕೇಳಬೇಕಾಗಿತ್ತು. ಈಗ ಅದನ್ನು ಪರೀಕ್ಷಿಸಬಲ್ಲವನಾದನು. ಅದು ಪ್ರಮಾಣಪದವಿಯನ್ನು ಪಡೆದುದು ಹೀಗೆ.

ಮಿದುಳಿನ ವಿಷಯದಲ್ಲಿಯೂ ಇದೇ ಕಾಲದಲ್ಲಿ ಪ್ರಗತಿಯಾಯಿತು. ಅಮೆರಿಕದ ಚಾಂಡ್ಲರ್ ಮತ್ತು ಸಂಗಡಿಗರು ೧೯೮೨ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. ಮಿದುಳನ್ನು ಬೆರಳಿನಿಂದ ಒತ್ತಿ ಹುಡುಕಲಾಗದು. ತಲೆಯೋಡನ್ನು ತೆರೆದ ಮೇಲೆ ಅದು ಸ್ವಲ್ಪ ಸ್ಥಾನಾಂತರವನ್ನೂ ಹೊಂದುವುದರಿಂದ ಹಿಂದಿನ ದಿನ ತೆಗೆದ ಚಿತ್ರವು ಪೂರ್ಣವಾಗಿ ಹೊಂದದು. ಆ ಕ್ಷಣದ ಸ್ಥಿತಿಯನ್ನು ತೋರಿಸುವ ಏಷಣಿಯೇ ಅಲ್ಲಿ ಬೇಕು.

೭

ಉಪಕರಣದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದು ಯುಕ್ತ. ಮೃದುವಾದ ಮಾಂಸದಲ್ಲಿ ಧ್ವನಿಯ ವೇಗವು ಸೆಕೆಂಡಿಗೆ ಸುಮಾರು ೧೫೪೦ ಮೀಟರು. ಹೋಗಿಬರುವ ಕಾಲವನ್ನಳೆದು ಯಂತ್ರವು ದೂರವನ್ನು ಲೆಕ್ಕಹಾಕುತ್ತದೆ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗೆ ಕೇಳಿಸಿದರೆ, ಈ ಶಲಾಕೆಗಳ ಕಂಪನವು ಸಾಮಾನ್ಯವಾಗಿ ೫೦ ಲಕ್ಷದಿಂದ ೧ ಕೋಟಿಯವರೆಗೆ ಇರುತ್ತದೆ. ಕಂಪನವು ಹೆಚ್ಚಿದಷ್ಟೂ ಸೂಕ್ಷ್ಮವು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಧ್ವನಿಯು ಆಳಕ್ಕೆ ಇಳಿಯದು. ಹೊಟ್ಟೆಯ ಹೊರಗಿನಿಂದ ನೋಡುವಾಗ ಚರ್ಮ, ಕೊಬ್ಬು, ಮಾಂಸಗಳನ್ನು ದಾಟಬೇಕಾದುದರಿಂದ ಕಡಮೆ ಕಂಪನವನ್ನೇ ಅವಲಂಬಿಸಬೇಕಾಗುತ್ತದೆ. ಅಂಗದ ಮೇಲೆಯೇ ಶಲಾಕೆಯನ್ನಿಟ್ಟರೆ ಆ ನಿರ್ಬಂಧವಿಲ್ಲ. ಕೆಲವೇ ಮಿಲಿಮೀಟರು ಗಾತ್ರದ ಗಡ್ಡೆಯೂ ಕಾಣಬಹುದು. ಬೆರಳುಗಳ ನಡುವೆ ಹಿಡಿಯುವಂತಹವು, ಲೇಖನಿಯಂತೆ ನೀಳವಾದುವು ಎಂದು ಶಲಾಕೆಗಳಲ್ಲಿ ಹಲವು ಆಕಾರಗಳುಂಟು. ನಡುವೆ ಗಾಳಿಯ ಪದರವಿದ್ದರೆ ಧ್ವನಿಯು ಬಹುಮಟ್ಟಿಗೆ ಅಲ್ಲಿಯೇ ಹಿಂದಿರುಗುವುದರಿಂದ ಶುದ್ಧವಾದ ಉಪ್ಪುನೀರಿನಿಂದ ಸ್ಥಳವನ್ನು ತೋಯಿಸುತ್ತಾರೆ. ಶಲಾಕೆಯನ್ನು ನಂಜಿಲ್ಲದ ಹೊದಿಕೆಯಲ್ಲಿಟ್ಟೋ ಸ್ವತಃ ಶುದ್ಧೀಕರಿಸಿಯೋ ಉಪಯೋಗಿಸುತ್ತಾರೆ. ಗಾರ್ಫೀಲ್ಡನಿಗೊದಗಿದ ಗತಿಯನ್ನು ಬಲ್ಲವರಿಗೆ ಇದರ ಅವಶ್ಯಕತೆಯನ್ನು ವಿವರಿಸಬೇಕಾಗಿಲ್ಲ.

ಹಸ್ತವೇ ಪ್ರಧಾನ ಯಂತ್ರವೆಂಬ ಸುಶ್ರುತನ ಮಾತಿಗೆ ಈಚಿನ ಚರಿತ್ರೆಯು ಒಂದು ಕಠಿನ ಪರೀಕ್ಷೆಯನ್ನೊಡ್ಡಿತು. ಜರ್ಮನಿಯ ಮ್ಯೂಹೆ ೧೯೮೫ರಲ್ಲಿ ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ ಸಣ್ಣ ರಂಧ್ರಗಳ ಮೂಲಕ ಪಿತ್ತಕೋಶವನ್ನು ತೆಗೆದನು. ಆ ಮಾರ್ಗವು ಬಳಕೆಗೆ ಬಂದಂತೆ ವೈದ್ಯನ ಬೆರಳು ಅಂಗವನ್ನು ಮುಟ್ಟುವುದೇ ತಪ್ಪಿತು. ೧೯೯೦ರ ದಶಕದಲ್ಲಿ ಆ ರಂಧ್ರಗಳ ಮೂಲಕವೇ ಹಾಯುವ ಸಪುರವಾದ ಧ್ವನಿಶಲಾಕೆಗಳು ಬಳಕೆಗೆ ಬಂದುವು. ಬೆರಳು ಕಳೆದುಕೊಂಡ ಜ್ಞಾನವನ್ನು ಧ್ವನಿಯು ಬಹುಮಟ್ಟಿಗೆ ತುಂಬಿಕೊಟ್ಟಿತು. ಆದರೆ ಹಸ್ತದ ಪ್ರಾಧಾನ್ಯವು ತಪ್ಪಲಿಲ್ಲ. ಶಲಾಕೆಯನ್ನು ಯಾವ ಓರೆಯಲ್ಲಿ ಹಿಡಿಯಬೇಕು, ಎಷ್ಟು ಒತ್ತಬೇಕು ಎಂಬುದನ್ನು ಅಭ್ಯಾಸವಾದ ಕೈಯೇ ಬಲ್ಲದು. ಸುತ್ತಲಿನ ಮಾಂಸದಂತೆಯೇ ಪ್ರತಿಧ್ವನಿಗೊಡುವ ಗಡ್ಡೆಯು ಪಳಗಿದವನಿಗೂ ಕಾಣದೆ ಹೋಗಬಹುದು. ಗಡ್ಡೆಯನ್ನು ತೆಗೆದ ಕುಳಿಯ ಅಂಚು ಇಲ್ಲದ ಶೇಷವನ್ನು ಇರುವಂತೆ ತೋರಿಸಬಹುದು. ಒಣಗಿದ ಸೋರೆಯಲ್ಲಿ ಶಲಾಕೆಯನ್ನಾಡಿಸಿ ಕಲಿಯಬೇಕೆಂಬ ವಿಧಿಯ ತಾತ್ಪರ್ಯವು ಇಂದಿಗೂ ಹಳೆಯದಾಗಿಲ್ಲ.

ಕಡೆಯಲ್ಲಿ ಶಬ್ದವಿಚಾರವೊಂದು. ಈ ಉಪಕರಣಕ್ಕೆ ಕನ್ನಡದಲ್ಲಿ ಹೆಸರನ್ನು ಕಲ್ಪಿಸುವವರು ‘ಶೋಧಕ’ವೆಂದೂ ‘ಪರೀಕ್ಷಕ’ವೆಂದೂ ಹೇಳಬಹುದು. ಅವು ತಪ್ಪಲ್ಲ; ಆದರೆ ಅನೇಕ ಯಂತ್ರಗಳಿಗೆ ಸಾಧಾರಣವಾದುವು. ‘ಏಷಣಿ’ ಎಂಬುದು ಶಸ್ತ್ರವೈದ್ಯನ ಕೈಯಲ್ಲಿದ್ದು ಶಸ್ತ್ರಕ್ರಿಯೆಯ ನಡುವೆ ಹುಡುಕುವ ಸಾಧನಕ್ಕೇ ಹುಟ್ಟಿದ ಶಬ್ದ. ‘ಧ್ವನ್ಯೇಷಣಿ’ ಎಂದರೆ ಅರ್ಥವು ಸ್ಪಷ್ಟವಾಗುತ್ತದೆ, ಸಂಧಿಯೂ ಸುಲಭವಾಗಿದೆ. ಅಲ್ಟ್ರಾಸೌಂಡ್ ಎಂಬುದು ಜನರ ನಾಲಗೆಯಲ್ಲಿ ನೆಲೆಗೊಂಡಿರುವುದರಿಂದ ಅದನ್ನು ಹೊರಗಟ್ಟಬೇಕೆಂಬ ಉದ್ದೇಶವಿಲ್ಲ. ಗ್ರಂಥಗಳಲ್ಲಿಯೂ ಪಾಠಗಳಲ್ಲಿಯೂ ಈ ಹಳೆಯ ಶಬ್ದಕ್ಕೆ ಒಂದು ಸ್ಥಾನವು ದೊರೆತರೆ, ಹುಡುಕುವುದೂ ಒಂದು ಕರ್ಮವೆಂದು ಎಣಿಸಿದವರ ಎಚ್ಚರವು ಅದರೊಡನೆ ಉಳಿದುಬರುವುದು. ಪಾರಿಭಾಷಿಕ ಶಬ್ದಗಳನ್ನು ಸಂಗ್ರಹಿಸುವ ವಿದ್ವಾಂಸರು ಇದರ ಯುಕ್ತಾಯುಕ್ತತೆಯನ್ನು ವಿಮರ್ಶಿಸಬೇಕೆಂದು ವಿಜ್ಞಾಪನೆ.